ಕುರ್ಚಿಯ ಹಿಂದಿನ ಎಡಗಾಲು

ಮೂವತ್ತೆರಡು ವರ್ಷ ಬಡಗಿ ಕೆಲಸ ಮಾಡಿದವನಿಗೆ ಜನ ಇಟ್ಟ ಹೆಸರು ಗಟ್ಟಿ ಮೇಸ್ತ್ರಿ. ಅವನ ಕುರ್ಚಿ ಹತ್ತಿ ಎಷ್ಟೋ ಜನ ಬಲ್ಬು ಬದಲಿಸಿದ್ದಾರೆ, ಮಕ್ಕಳು ಕುಣಿದಿದ್ದಾರೆ. ಒಂದು ಕಾಲೂ ಅಲ್ಲಾಡಿಲ್ಲ. ಅಂಥವನಿಗೆ ಈಗ ಬಂದ ಕೆಲಸ, ಕೂತ ಕೂಡಲೇ ಮುರಿಯುವ ಮೂರು ಕುರ್ಚಿ ಮಾಡಿಕೊಡುವುದು.

ಮೊಬೈಲಿನಲ್ಲಿ ನೋಡಿ ನಗುವಂಥ ಜಾಹೀರಾತು, ಕುರ್ಚಿ ಮೇಜು ಮಾರುವ ಅಂಗಡಿಯೊಂದರದು. ಅತಿಥಿಯೊಬ್ಬ ಗತ್ತಿನಿಂದ ಬಂದು ಹಳೇ ಕುರ್ಚಿಯಲ್ಲಿ ಕೂರಬೇಕು, ಕುರ್ಚಿ ಕುಸಿಯಬೇಕು. ಅತಿಥಿಯ ಪಾತ್ರ ಮೇಸ್ತ್ರಿಯ ಸ್ವಂತ ಭಾವನದು. ಬೆಳಿಗ್ಗೆಯೇ ಅಕ್ಕ ಫೋನ್ ಮಾಡಿದ್ದಳು: "ಲೋ, ಅವರ ಬೆನ್ನಲ್ಲಿ ಆಗ್ಲೇ ಎರಡು ಸ್ಕ್ರೂ ಇವೆ. ಮೂರನೇದು ಹಾಕ್ಸೋ ಹಾಗೆ ಮಾಡಿದ್ಯೋ, ಕಿವಿ ಹಿಂಡ್ತೀನಿ."

ಮೇಸ್ತ್ರಿ ಪ್ರತಿ ಕುರ್ಚಿಯ ಹಿಂದಿನ ಎರಡೂ ಕಾಲುಗಳನ್ನು ಮುಕ್ಕಾಲು ಪಾಲು ಕೊಯ್ದು, ಗೀರು ಕಾಣದಂತೆ ಮೇಣ ತುಂಬಿದ್ದ. ಎರಡೂ ಒಟ್ಟಿಗೆ ಮುರಿದರೆ ಭಾವ ನೇರ ಹಿಂದಕ್ಕೆ, ಮರೆಯಲ್ಲಿಟ್ಟ ಹಾಸಿಗೆಯ ಮೇಲೆ ಬೀಳುತ್ತಾರೆ. ಒಂದೇ ಮುರಿದರೆ ಪಕ್ಕಕ್ಕೆ ಹೊರಳುತ್ತಾರೆ. ಕುರ್ಚಿಯ ಬಲಕ್ಕೆ ಕಲ್ಲಿನ ಮೆಟ್ಟಿಲಿತ್ತು.

ಮೊದಲ ಕುರ್ಚಿ ಚೆನ್ನಾಗಿಯೇ ಮುರಿಯಿತು; ಲೈಟಿನವನು ಕಿಸಕ್ಕನೆ ನಕ್ಕು ಕೆಡಿಸಿದ. ಎರಡನೆಯ ಸಲ ಭಾವ ಬೀಳುವ ಮೊದಲೇ ಕಣ್ಣು ಮುಚ್ಚಿಕೊಂಡರು. ಉಳಿದದ್ದು ಒಂದು. ಚಿತ್ರೀಕರಣಕ್ಕೆ ಬಾಡಿಗೆಗೆ ಪಡೆದ ಮನೆಯನ್ನು ಐದಕ್ಕೆ ಖಾಲಿ ಮಾಡಬೇಕು, ನಾಲ್ಕೂವರೆ ದಾಟಿತ್ತು.

"ಇದೇ ಕೊನೇದು," ಎಂದಳು ನಿರ್ದೇಶಕಿ. "ಯಾರಾದ್ರೂ ಉಸಿರೆತ್ತಿ, ನೋಡ್ತೀನಿ."

ಕ್ಯಾಮೆರಾ ಶುರುವಾಯಿತು. ಭಾವ ಬಾಗಿಲು ದಾಟಿ, ಹೊಟ್ಟೆ ಸವರಿಕೊಂಡರು. ಮೇಸ್ತ್ರಿ ತಳಮಳದಲ್ಲಿ ಬೆರಳು ಉಜ್ಜಿಕೊಂಡ. ಹೆಬ್ಬೆರಳಿನಲ್ಲಿ ಏನೋ ಬಿಗಿ. ನೋಡಿದ. ಒಣಗಿದ ಅಂಟು.

ಇವತ್ತು ಅಂಟಿನ ಕೆಲಸವೇ ಇರಲಿಲ್ಲವಲ್ಲ!

ಆಮೇಲೆ ನೆನಪಾಯಿತು. ಊಟದ ಬಿಡುವಿನಲ್ಲಿ ಅಕ್ಕನ ಮಾತನ್ನೇ ಯೋಚಿಸುತ್ತ ಕೂತಿದ್ದಾಗ ಪಕ್ಕದಲ್ಲಿದ್ದ ಇದೇ ಮೂರನೇ ಕುರ್ಚಿ ಕೈ ತಾಕಿ ಕಿರ್ ಎಂದಿತ್ತು. ಕಿರ್ ಎನ್ನುವ ಕುರ್ಚಿಯನ್ನು ಅವನ ಕೈ ಜನ್ಮದಲ್ಲಿ ಹಾಗೇ ಬಿಟ್ಟದ್ದಿಲ್ಲ. ಅವನನ್ನು ಕೇಳದೆಯೇ ಆ ಕೈ ಚೀಲಕ್ಕೆ ಹೋಗಿತ್ತು, ಮೇಣ ಕೆರೆದು ಅಂಟು ತುಂಬಿತ್ತು, ಸಣ್ಣ ಚಕ್ಕೆ ಬಡಿದಿತ್ತು. ಹಿಂದಿನ ಎಡಗಾಲಿಗೆ. ಅಷ್ಟರಲ್ಲಿ ಯಾರೋ ಕರೆದಿದ್ದರು, ಬಲಗಾಲು ಕೊಯ್ದಂತೆಯೇ ಉಳಿದಿತ್ತು.

ಭಾವ ಮಂಡಿ ಬಗ್ಗಿಸಿದರು.

"ಭಾವಾ, ಕೂರ್ಬೇಡಿ!"

ಭಾವ ಮೇಜು ಹಿಡಿದು ಅರ್ಧಕ್ಕೇ ನಿಂತರು. "ಹೀಗೇ ಇರ್ಲೋ, ಏಳ್ಲೋ? ಅದನ್ನಾದ್ರೂ ಹೇಳು."

"ಯಾರದು?" ನಿರ್ದೇಶಕಿಯ ದನಿ ತಣ್ಣಗಿತ್ತು.

"ನಾನೇ ಮೇಡಂ. ಕುರ್ಚಿ ರಿಪೇರಿ ಮಾಡ್ಬಿಟ್ಟಿದ್ದೀನಿ."

"ಮುರಿಯೋ ಕುರ್ಚೀನ?"

ಯಾರೂ ನಗಲಿಲ್ಲ. ಅವಳು ಗಡಿಯಾರ ನೋಡಿದಳು. "ಹತ್ತು ನಿಮಿಷ."

ಮೇಸ್ತ್ರಿ ಕುರ್ಚಿ ಮಗುಚಿ ಗರಗಸ ಇಟ್ಟ. ತಾನೇ ಬೆಸೆದದ್ದನ್ನು ಕೊಯ್ಯಲು ಕೈ ಒಲ್ಲೆನ್ನುತ್ತಿತ್ತು. ಬಲಗಾಲಿನಲ್ಲಿ ಎಷ್ಟು ಮರ ಉಳಿದಿದೆಯೋ ಇಲ್ಲೂ ಅಷ್ಟೇ ಉಳಿಯಬೇಕು. ಕೂತು ನೋಡಿದರೆ ಮುರಿಯುತ್ತದೆ, ನೋಡದಿದ್ದರೆ ತಿಳಿಯುವುದಿಲ್ಲ.

"ಭಾವಾ, ಭಯ ಇದ್ರೆ ಬಿಡಿ. ನಿಮ್ಮ ಅಂಗಿ ಹಾಕ್ಕೊಂಡು ನಾನೇ ಬೀಳ್ತೀನಿ."

"ನಿನ್ನ ಮೈಗೆ ಅದು ಕಿಟಕಿ ಪರದೆ ಆಗುತ್ತೆ. ಕಾಲು ಸಮ ಇದ್ಯಾ ಹೇಳು."

"ಸಮ ಇದೆ."

"ಕಣ್ಣಳತೇನೋ, ಟೇಪೋ?"

"ಎರಡೂ."

ಭಾವ ಮತ್ತೆ ಬಾಗಿಲಾಚೆ ಹೋದರು. ಮೇಸ್ತ್ರಿ ಕ್ಯಾಮೆರಾ ಹಿಂದೆ ನಿಲ್ಲಲಿಲ್ಲ. ಚಿತ್ರಕ್ಕೆ ಸಿಗದಂತೆ ತಗ್ಗಿ, ಕಲ್ಲಿನ ಮೆಟ್ಟಿಲ ಮೇಲೆ ಕೂತು ಎರಡೂ ಕೈ ಚಾಚಿದ. ನಿರ್ದೇಶಕಿ ನೋಡಿ, ಕ್ಯಾಮೆರಾದವನಿಗೆ ಸನ್ನೆ ಮಾಡಿದಳು.

ಭಾವ ಬಂದರು. ಹೊಟ್ಟೆ ಸವರಿಕೊಂಡರು. ಕಣ್ಣು ತೆರೆದೇ ಕೂತರು.

ಟಕ್. ಎರಡು ಕಾಲಿನದೂ ಒಂದೇ ಸದ್ದು.

"ಕಟ್!" ಎಂದದ್ದೇ ತಡ, ಲೈಟಿನವನು ತಡೆದಿಟ್ಟ ನಗು ಮನೆಯೆಲ್ಲ ಹರಡಿತು. ಹಾಸಿಗೆಯ ಮೇಲೆ ಅಂಗಾತ ಬಿದ್ದಿದ್ದ ಭಾವ ನಿಧಾನವಾಗಿ ಬೆನ್ನಿನ ಕೆಳಗೆ ಕೈ ತೂರಿಸಿ ತಡವಿ ನೋಡಿಕೊಂಡರು.

"ಲೋ, ನಿಮ್ಮಕ್ಕಂಗೆ ಹೇಳು. ಎರಡೇ ಇವೆ."

ಮೇಸ್ತ್ರಿ ನಗಲು ಹೋದ. ಚಾಚಿದ ಕೈಗಳು ಇನ್ನೂ ಮಡಚಿಕೊಂಡಿರಲಿಲ್ಲ.