ಬಾಗಿದ ಗ್ರಾಫು

ನಮ್ಮ ಪಿಯು ಕಾಲೇಜಿನಲ್ಲಿ ಈಗಲೂ ಒಂದು ಕಥೆ ಹೇಳುತ್ತಾರಂತೆ: ಸರ್ಕ್ಯೂಟ್ ಜೋಡಿಸಲು ಬಾರದ ಕಮಲಾಪುರದ ಹುಡುಗಿಗೆ ಫಿಸಿಕ್ಸ್ ಸರ್ ಓಮ್‌ನ ನಿಯಮ ಕಲಿಸಿದರು, ಇವತ್ತು ಅವಳೇ ವಿಜ್ಞಾನದ ಟೀಚರ್. ಟೀಚರ್ ಆಗಿರುವುದು ನಿಜ. ಉಳಿದದ್ದಕ್ಕೆ ಸಾಕ್ಷಿ ಎಲ್ಲಿದೆ? ಲ್ಯಾಬಿನಲ್ಲಿ ಅವಳ ಜೊತೆಗಾರ ನಾನು. ನನ್ನನ್ನಂತೂ ಯಾರೂ ಕೇಳಿಲ್ಲ.

ಸರ್ಕ್ಯೂಟ್ ಸರಿಯಾಗಿಯೇ ಇತ್ತು. ಸರಿಯಿಲ್ಲದ್ದು ಕಲಬುರಗಿಯ ಆ ಲ್ಯಾಬು. ರೆಸಿಸ್ಟೆನ್ಸ್ ಕಾಯಿಲ್‌ಗಳು ಎಂದೋ ಸುಟ್ಟುಹೋಗಿದ್ದವು. ಅವುಗಳ ಜಾಗದಲ್ಲಿ ಸರ್ ಟಾರ್ಚ್ ಬಲ್ಬು ಸಿಕ್ಕಿಸಿದ್ದರು. ವೋಲ್ಟೇಜ್ ಏರಿದ ಪ್ರಮಾಣದಲ್ಲೇ ಕರೆಂಟೂ ಏರಿ ಗ್ರಾಫು ನೇರ ಬರಬೇಕು ತಾನೆ? ಆದರೆ ಬಲ್ಬಿನ ತಂತಿ ಕಾದಷ್ಟೂ ಕರೆಂಟನ್ನು ಹೆಚ್ಚು ತಡೆಯುತ್ತದೆ, ಗ್ರಾಫು ಬಾಗುತ್ತದೆ. ಇದಕ್ಕೆ ನಮ್ಮಲ್ಲಿ ಮದ್ದಿತ್ತು: ಮೊದಲು ಸ್ಕೇಲಿಟ್ಟು ಗೆರೆ, ಆಮೇಲೆ ಅದರ ಮೇಲೆ ಚುಕ್ಕಿ, ಕೊನೆಗೆ ಚುಕ್ಕಿ ನೋಡಿಕೊಂಡು ರೀಡಿಂಗ್. ಇಡೀ ಕ್ಲಾಸು ಮೀಟರಿಗೆ ಬೆನ್ನು ಹಾಕಿ ಓಮ್‌ನ ನಿಯಮ ಸಾಧಿಸಿತ್ತು.

ಅವಳು ಮಾತ್ರ ಮೀಟರಿನ ಮುಳ್ಳು ತೋರಿಸಿದ್ದನ್ನು ಬರೆದಳು.

"ಕಮಲಾಪುರದ ಬಾಳಿಹಣ್ಣಿನಂಗ ಸೊಟ್ಟ ಬಂದದಲ್ಲವ್ವಾ ನಿನ್ನ ಗ್ರಾಫು," ಎಂದರು ಸರ್. ಕ್ಲಾಸು ನಕ್ಕಿತು.

"ರೀಡಿಂಗೇ ಹಂಗ ಬಂದಾವ್ರಿ ಸರ್."

ನಾನು ಬಾಯಿ ಹಾಕಿದೆ: "ಸರ್, ಬಿಸಿ ಬದಲಾಗಬಾರ್ದು ಅಂತ ನಿಯಮದಾಗೇ ಅದರಿ. ಬಲ್ಬ್ ಮುಟ್ಟಿ ನೋಡ್ರಿ, ಸುಡ್ತದ."

"ಏ ಡಿಬೇಟ್ ಚಾಂಪಿಯನ್, ಇಲ್ಲಿ ಭಾಷಣಕ್ಕ ಮಾರ್ಕ್ಸ್ ಇಲ್ಲಪಾ." ಅವಳತ್ತ ತಿರುಗಿ, "ನೇರ ಮಾಡ್ಕೊಂಡು ಬಾ. ಇಲ್ಲಂದ್ರ ರೆಕಾರ್ಡಿಗೆ ಸಹಿ ಇಲ್ಲ, ಪ್ರಾಕ್ಟಿಕಲ್ ಪರೀಕ್ಷಾನೂ ಇಲ್ಲ."

ಪರೀಕ್ಷೆ ತಪ್ಪಿದರೆ ಮನೆಯವರು ಓದು ಬಿಡಿಸುತ್ತಾರೆಂದು ಅವಳು ಮೊದಲೇ ಹೇಳಿದ್ದಳು. ರಬ್ಬರ್ ಕೈಗೆತ್ತಿಕೊಂಡಳು. ಸಹಿ ಬಿತ್ತು. ಈ ಘನಕಾರ್ಯಕ್ಕೇ ಜನ 'ಕಲಿಸಿದರು' ಎನ್ನುವುದು.

ಈಚೆಗೆ ಕಮಲಾಪುರದಲ್ಲಿ ಅವಳ ಶಾಲೆಗೆ ಚರ್ಚಾಸ್ಪರ್ಧೆಯ ತೀರ್ಪುಗಾರನಾಗಿ ಹೋಗಿದ್ದೆ. ಲ್ಯಾಬಿನ ಬಾಗಿಲ ಬಳಿ ಅವಳ ದನಿ ಕೇಳಿಸಿತು: "ಮೊದ್ಲ ಸ್ಕೇಲ್ ಇಟ್ಟು ಗೆರಿ ಹೊಡೀರಿ. ಚುಕ್ಕಿ ಆಮ್ಯಾಲ." ಮೇಜಿನ ಮೇಲೆ ಟಾರ್ಚ್ ಬಲ್ಬು ಉರಿಯುತ್ತಿತ್ತು. ಮಕ್ಕಳು ಯಾರೂ ಅದರ ಕಡೆ ನೋಡುತ್ತಿರಲಿಲ್ಲ.

"ಯಾವಾಗ ಬಂದ್ಯೋ ಚಾಂಪಿಯನ್?" ಎಂದು ನಕ್ಕಳು.

"ಆಗ ಸಹಿ ಸರ್ ಕೈಯಾಗ ಇತ್ತು, ಒಪ್ತೀನಿ," ಎಂದೆ. "ಈಗ ನಿನ್ನ ಕೈಯಾಗೇ ಅದಲ್ಲ? ಮತ್ತ ಯಾರಿಗಂಜಿ ನೇರ ಮಾಡಸಾಕತ್ತಿ?"