ಎರಡು ಹೆಬ್ಬೆಟ್ಟು ಸಾಕು

ನನ್ನ ತಮ್ಮ ಹೆಲಿಕಾಪ್ಟರ್ ತಂದ ದಿನ ನಮ್ಮ ಮನೆಯಲ್ಲಿ ಕೋಳಿ ಸಾರು. ಹಬ್ಬವೂ ಇರಲಿಲ್ಲ, ನೆಂಟರೂ ಬಂದಿರಲಿಲ್ಲ. ಅರಕಲಗೂಡಿನ ಹತ್ತಿರದ ನಮ್ಮೂರ ಮನೆಯ ಅಂಗಳದಲ್ಲಿ ಅವನು ರಿಮೋಟಿನ ಕಡ್ಡಿಯನ್ನು ಒಂದೇ ಸಲಕ್ಕೆ ಮೇಲೆ ತಳ್ಳಿದ. ಹೆಲಿಕಾಪ್ಟರ್ ಎದ್ದು, ಎಡಕ್ಕೆ ವಾಲಿ, ನುಗ್ಗೆ ಮರದ ಕೆಳಗೆ ಕೆದಕುತ್ತಿದ್ದ ಅವ್ವನ ಹುಂಜದ ಮೇಲೆ ಹೋಯಿತು. ಹುಂಜಕ್ಕೆ ಕೂಗಲೂ ಪುರಸೊತ್ತು ಸಿಗಲಿಲ್ಲ. ಅವ್ವ ಹುಂಜವನ್ನು ಕಾಲು ಹಿಡಿದು ಎತ್ತಿದಳು. ಆಮೇಲೆ, "ಓಗ್ಲಿ ಬುಡು ಮಗ, ಎಂಗೂ ಕುಯ್ಯಬೇಕಾಗಿತ್ತು" ಎಂದು ನೀರು ಕಾಯಿಸಲು ಒಳಗೆ ಹೋದಳು. ಅದೇ ಹುಂಜ ನನ್ನ ಸ್ಕೂಟರಿಗೆ ಸಿಕ್ಕಿದ್ದರೆ ನಾನು ಇವತ್ತಿಗೂ ಅದರ ಮಾತು ಕೇಳುತ್ತಿದ್ದೆ. ಸಾರು ಮಾತ್ರ ಚೆನ್ನಾಗಿತ್ತು, ಹೇಳಲೇಬೇಕು.

ನಾನು ಹಾಸನದಲ್ಲಿ ಹಲ್ಲಿನ ಡಾಕ್ಟರಾಗಿದ್ದೆ. ಚನ್ನರಾಯಪಟ್ಟಣದಿಂದಲೂ ಜನ ಬಸ್ಸು ಹತ್ತಿ ನನ್ನ ಹತ್ತಿರ ಹಲ್ಲು ಕೀಳಿಸಿಕೊಳ್ಳಲು ಬರುತ್ತಿದ್ದರು. ಗುಣದಲ್ಲಿ ನಾನು ಒರಟು, ಕೈಯಲ್ಲಿ ಅಲ್ಲ. ಅವ್ವನ ದವಡೆ ಹಲ್ಲು ಕಿತ್ತದ್ದೂ ನಾನೇ. ಹತ್ತಿ ಕಚ್ಚಿಕೊಂಡೇ ಅವಳು, "ನಿನ್ ಕೈ ಬಲೇ ಅಗುರ ಕಣವ್ವ" ಎಂದಳು. ಅವ್ವ ನನ್ನನ್ನು ಹೊಗಳಿದ್ದು ಅದೊಂದೇ ಸಲ. ಅವಳ ಬಾಯಲ್ಲಿ ಉಳಿದ ಹೊಗಳಿಕೆಯೆಲ್ಲ ನನ್ನ ತಮ್ಮನಿಗೆ ಸೇರಿದ್ದು. ನನ್ನ ಪಾಲಿಗೆ ಬಂದದ್ದು ಆ ಬಲಗೈ ಒಂದೇ, ಅದರಿಂದಲೇ ನನ್ನ ಅನ್ನ, ಅದರಿಂದಲೇ ನನ್ನ ಮರ್ಯಾದೆ.

ತಮ್ಮನಿಗೆ ಹೊಳೆನರಸೀಪುರದಲ್ಲಿ ಟ್ರ್ಯಾಕ್ಟರ್ ಬಿಡಿಭಾಗಗಳ ಅಂಗಡಿ. ಹುಂಜ ಸತ್ತ ಮೇಲೆ ಹೆಲಿಕಾಪ್ಟರನ್ನು ಅವನು ಅಟ್ಟಕ್ಕೆ ಹಾಕಿದ. ಅದು ಮಕ್ಕಳ ಆಟದ ಸಾಮಾನಲ್ಲ. ತೋಳುದ್ದದ ಎರಡು ಬ್ಲೇಡು, ಬ್ಯಾಟರಿ ಎತ್ತಿದರೆ ಕೈ ಜಗ್ಗುವಷ್ಟು ಭಾರ. ನಾನು ಹಾರಿಸುವುದು ಕಲಿಯುತ್ತೇನೆ ಎಂದಾಗ ಅವನು ನಕ್ಕ. "ಅಲ್ಲು ಕೀಳಾದಂಗಲ್ಲ ಕಣಕ್ಕ ಇದು. ತಗಂಡೋಗು, ನೀನೂ ಒಂದು ಕೋಳಿ ಕುಯ್ಯಿ" ಎಂದ. ನನಗೆ ಹೆಲಿಕಾಪ್ಟರಿನ ಮೇಲೆ ಪ್ರೀತಿಯೇನೂ ಇರಲಿಲ್ಲ. ಅವನಿಗೆ ಬಾರದ್ದು ನನಗೆ ಬರಬೇಕು, ಅದನ್ನು ಅವ್ವ ನಿಂತು ನೋಡಬೇಕು ಅನ್ನುವ ಹಟ ಮಾತ್ರ ಇತ್ತು.

ಗೊರೂರಿನ ನೀರಾವರಿ ಕ್ವಾರ್ಟರ್ಸಿನ ಹತ್ತಿರ ಮನೆ ಕಟ್ಟಿಕೊಂಡಿದ್ದ ನಿವೃತ್ತ ಎಂಜಿನಿಯರ್ ಒಬ್ಬರು ಕಲಿಸುತ್ತಾರೆ ಎಂದು ಒಬ್ಬ ಪೇಷಂಟ್ ಹೇಳಿದ. ಅವರನ್ನು ಎಲ್ಲರೂ ಮೇಷ್ಟ್ರು ಅನ್ನುತ್ತಿದ್ದರು. ಅವರ ಎಡಗೈಯಲ್ಲಿ ಉಂಗುರದ ಬೆರಳೂ ಕಿರುಬೆರಳೂ ಇರಲಿಲ್ಲ. ಹೋದದ್ದು ಹೇಗೆ ಎಂದು ಯಾರೂ ಕೇಳುತ್ತಿರಲಿಲ್ಲ, ಅವರೇ ಎದುರಿಗೆ ಹಿಡಿದು ತೋರಿಸುತ್ತಿದ್ದರು.

ಮೊದಲ ದಿನ ಅವರು ಹಾರಿಸುವುದಿರಲಿ, ರಿಮೋಟನ್ನೇ ಮುಟ್ಟಲು ಬಿಡಲಿಲ್ಲ. ಒಂದು ಹಳೆಯ ಹೆಲಿಕಾಪ್ಟರನ್ನು ದಪ್ಪ ಹಲಗೆಗೆ ಬೋಲ್ಟು ಹಾಕಿ ಬಿಗಿದಿದ್ದರು. ಉದ್ದನೆಯ ಬಿದಿರು ಗಳದ ತುದಿಗೆ ಬಾಳೆಕಂದು ಕಟ್ಟಿ ನನ್ನ ಕೈಗೆ ಕೊಟ್ಟು, ತಿರುಗುವ ಬ್ಲೇಡಿಗೆ ಅದನ್ನು ತಳ್ಳಿ ಎಂದರು. ತಳ್ಳಿದೆ. ಗಳ ಕೈಯಲ್ಲಿ ಒದ್ದಾಡಿತು. ಬಾಳೆಯ ಚೂರು, ನೀರು ಎಲ್ಲ ನನ್ನ ಮುಖಕ್ಕೆ ಹಾರಿತು.

"ಇದು ನಿಮ್ಮ ಮೊಣಕೈ ಡಾಕ್ಟ್ರೇ" ಎಂದರು ಮೇಷ್ಟ್ರು. "ತೊಡೆ ಆಗಿದ್ರೆ ಇನ್ನು ಸ್ವಲ್ಪ ಹೊತ್ತು ತಗೊಳ್ಳೋದು."

ನಾನು ಮುಖ ಒರೆಸಿಕೊಳ್ಳುತ್ತಿದ್ದೆ. ಅವರು ತಮ್ಮ ಎಡಗೈ ಎತ್ತಿ, ಮೊಂಡು ಬೆರಳುಗಳನ್ನು ನನ್ನ ಮೂಗಿನ ಮುಂದೆ ಆಡಿಸಿದರು. "ಹಾರ್ಸೋಕೆ ಎರಡು ಹೆಬ್ಬೆಟ್ಟು ಸಾಕು. ಮಿಕ್ಕಿದ ಬೆರಳೆಲ್ಲ ನಿಮ್ಮ ಹತ್ರ ಇರಬೇಕು ಅಂತಿದ್ರೆ ನಾನು ಹೇಳಿದಂಗೆ ಕೇಳಿ."

ಕೇಳಿದೆ. ಮಳೆಗಾಲವೆಲ್ಲ ಕಂಪ್ಯೂಟರಿನಲ್ಲೇ ಹಾರಿಸಿದೆ. ರಿಮೋಟಿನ ತಂತಿಯನ್ನು ಕಂಪ್ಯೂಟರಿಗೆ ಸಿಕ್ಕಿಸಿದರೆ ಪರದೆಯ ಮೇಲೆ ಒಂದು ಹೆಲಿಕಾಪ್ಟರ್ ಏಳುತ್ತದೆ, ಬೀಳುತ್ತದೆ, ಮತ್ತೆ ಏಳುತ್ತದೆ. ಕೋಳಿ ಸಾಯುವುದಿಲ್ಲ. ಆಮೇಲೆ ಕೊರವಂಗಲದ ಕಡೆಯ ಒಂದು ಬೀಳು ಜಮೀನಿನಲ್ಲಿ, ತಮ್ಮನ ಹೆಲಿಕಾಪ್ಟರಿನ ಅಡಿಗೆ, ಮಗುಚದಿರಲೆಂದು, ಕತ್ತರಿಯಾಕಾರದಲ್ಲಿ ಎರಡು ಉದ್ದ ಕಡ್ಡಿ ಕಟ್ಟಿಸಿ, ನೆಲದಿಂದ ಗೇಣುದ್ದ ಎತ್ತಿ ಇಳಿಸುವುದು, ಅಷ್ಟೇ. ರಿಮೋಟ್ ಮೊದಲು ಆನ್ ಮಾಡಬೇಕು, ಹೆಲಿಕಾಪ್ಟರಿನ ಬ್ಯಾಟರಿ ಆಮೇಲೆ. ಮುಗಿಸುವಾಗ ಬ್ಯಾಟರಿ ಮೊದಲು ಬಿಚ್ಚಬೇಕು, ರಿಮೋಟ್ ಕೊನೆಗೆ. ಮೋಟಾರು ತಿರುಗದಂತೆ ತಡೆಯುವ ಹೋಲ್ಡ್ ಸ್ವಿಚ್ಚಿನ ಮೇಲೆ ಸದಾ ಬೆರಳಿರಬೇಕು. ಮೇಷ್ಟ್ರು ನೆಲಕ್ಕೆ ಎಳೆದ ಸುಣ್ಣದ ಗೆರೆಯ ಈಚೆಗೆ ಹೆಲಿಕಾಪ್ಟರ್ ಬರಬಾರದು, ಬ್ಲೇಡು ಪೂರ್ತಿ ನಿಲ್ಲುವ ತನಕ ಗೆರೆಯ ಆಚೆಗೆ ಮನುಷ್ಯರು ಹೋಗಬಾರದು. ಒಂದು ದಿನ ಬ್ಲೇಡು ಇನ್ನೂ ಮೆಲ್ಲಗೆ ಸುತ್ತುತ್ತಿರುವಾಗ ನಾನು ಒಂದು ಹೆಜ್ಜೆ ಮುಂದಿಟ್ಟೆ. ಬೆನ್ನಿಗೆ ಮಣ್ಣಿನ ಹೆಂಟೆ ಬಂದು ಬಿತ್ತು. ಮೇಷ್ಟ್ರು ಇನ್ನೊಂದು ಹೆಂಟೆ ಹುಡುಕುತ್ತಿದ್ದರು.

ಬಾಲ ನಮ್ಮ ಕಡೆ ಇದ್ದಾಗ ಹಾರಿಸುವುದು ಸುಲಭ, ಎಡ ಎಂದರೆ ಎಡವೇ. ಮೂತಿ ನಮ್ಮ ಕಡೆ ತಿರುಗಿದರೆ ಎಡ ಬಲವಾಗುತ್ತದೆ, ಅಲ್ಲಿಯೇ ಎಲ್ಲರೂ ಕೆಡವುವುದು. ನಾನು ಕೆಡವಲಿಲ್ಲ. ಹಲ್ಲಿನ ಡಾಕ್ಟರು ಬಾಯೊಳಗಿನ ಪುಟ್ಟ ಕನ್ನಡಿಯಲ್ಲಿ ನೋಡಿಕೊಂಡು ಉಲ್ಟಾ ಕೆಲಸ ಮಾಡುವವರು, ನನ್ನ ಕೈಗೆ ಅದು ಮೊದಲೇ ಗೊತ್ತಿತ್ತು. ಹೆಲಿಕಾಪ್ಟರ್ ಮೂತಿಯನ್ನು ನನ್ನ ಕಡೆ ಮಾಡಿ, ಕಣ್ಣೆತ್ತರದಲ್ಲಿ ಅಲುಗಾಡದೆ ನಿಂತಿತು. ನನಗೆ ಅಳು ಬರುವಷ್ಟು ಸಂತೋಷವಾಯಿತು. ಮೇಷ್ಟ್ರು, "ಸೊಕ್ಕು ಬಂತು, ಇನ್ನು ಬೆರಳು ಹೋಗತ್ತೆ" ಎಂದು ಕಾಫಿ ಕುಡಿಯಲು ಹೋದರು.

ನಾನು ಹಾರಿಸುತ್ತೇನೆ ಎಂದು ಊರಲ್ಲಿ ಗೊತ್ತಾಗಿದ್ದೇ, ಹೆಲಿಕಾಪ್ಟರ್ ತನ್ನದು ಎಂದು ತಮ್ಮನಿಗೆ ನೆನಪಾಯಿತು. ಆಯುಧಪೂಜೆಗೆ ಅಂಗಡಿಗೆ ತಂದುಬಿಡು ಎಂದು ಫೋನ್ ಮಾಡಿದ. ತಂದುಕೊಟ್ಟೆ. ಅಂಗಡಿಯ ಮುಂದೆ ತೊಳೆದು ನಿಲ್ಲಿಸಿದ ಟ್ರ್ಯಾಕ್ಟರು, ಬೈಕು, ಶಟರಿನ ಎರಡೂ ಕಡೆ ಬಾಳೆಕಂದು, ಸ್ಪ್ಯಾನರುಗಳಿಗೂ ಕುಂಕುಮ. ನಡುವೆ ಮಣೆಯ ಮೇಲೆ ಹೆಲಿಕಾಪ್ಟರ್, ಮೂತಿಗೆ ಸೇವಂತಿಗೆ ಹಾರ. ಬ್ಯಾಟರಿಯನ್ನು ಬಿಚ್ಚಿ ಪೆಟ್ಟಿಗೆಯಲ್ಲಿ ಇಟ್ಟೇ ನಾನು ಪೂಜೆಗೆ ಕೊಟ್ಟಿದ್ದು. ನಮ್ಮ ಕಡೆ ಪೂಜೆಯಾದ ಗಾಡಿಯನ್ನು ಸ್ಟಾರ್ಟ್ ಮಾಡಿ, ಚಕ್ರದ ಕೆಳಗಿನ ನಿಂಬೆಹಣ್ಣು ತುಳಿಸದೆ ಬಿಡುವುದಿಲ್ಲ. ಟ್ರ್ಯಾಕ್ಟರ್ ತುಳಿಯಿತು, ಬೈಕು ತುಳಿಯಿತು. ಹೆಲಿಕಾಪ್ಟರಿನ ಕಾಲಡಿಗೂ ತಮ್ಮ ಎರಡು ನಿಂಬೆಹಣ್ಣು ಇಟ್ಟ.

"ಇದು ಬೇಡ" ಎಂದೆ. "ಇಷ್ಟು ಜನ ನಿಂತಿರುವಾಗ ಇದನ್ನು ಸ್ಟಾರ್ಟ್ ಮಾಡಬಾರದು. ಗದ್ದೆಗೆ ತಗೊಂಡು ಹೋಗೋಣ, ಅಲ್ಲಿ ಮಾಡ್ತೀನಿ."

"ಪೂಜೆ ಮಾಡ್ಬುಟ್ಟು ಸ್ಟಾರ್ಟ್ ಮಾಡ್ದೆ ಇದ್ರೆ ವರ್ಸವೆಲ್ಲ ಕೂತೇ ಇರ್ತದೆ ಕಣವ್ವ" ಎಂದಳು ಅವ್ವ. "ಅವನ್ ಗಾಡಿ, ಅವನ್ ಮಾಡ್ಕತಾನೆ. ನಿಂದೇನು?"

ನನ್ನ ಕೈಯೆಲ್ಲ ಕುಂಕುಮವಾಗಿತ್ತು. ತೊಳೆಯಲು ಅಂಗಡಿಯ ಹಿಂದಿನ ನಲ್ಲಿಗೆ ಹೋದೆ. ವಾಪಸ್ಸು ಬರುವಷ್ಟರಲ್ಲಿ ತಮ್ಮ ಪೆಟ್ಟಿಗೆಯಿಂದ ಬ್ಯಾಟರಿ ತೆಗೆದು ಸಿಕ್ಕಿಸಿದ್ದ. ರಿಮೋಟಿಗೂ ಹೂವು ಸುತ್ತಿದ್ದರು, ಸ್ವಿಚ್ಚುಗಳು ಹೂವಿನೊಳಗೆ ಮುಚ್ಚಿಹೋಗಿದ್ದವು. ಅವನು ಒಂದೊಂದಾಗಿ ಒತ್ತಿ ನೋಡುತ್ತಿದ್ದ. ಬ್ಲೇಡು ಮೆಲ್ಲಗೆ ಹೊರಟಿತು. ಜನ ಚಪ್ಪಾಳೆ ತಟ್ಟಿದರು. ಹಾರ ಜಾರಿತು. ದೇವರ ಹೂವು ನೆಲಕ್ಕೆ ಬೀಳಬಾರದು ಎಂದು ಅವ್ವ ಬಗ್ಗಿ ಕೈ ಚಾಚಿದಳು.

ಎಡಗೈಯಿಂದ ಅವ್ವನ ಭುಜ ಹಿಡಿದು ಹಿಂದಕ್ಕೆ ಎಳೆದೆ. ಬಲಗೈ ಅವಳ ಮೊಣಕೈಯನ್ನು ಹಿಡಿಯಲು ತಾನಾಗಿ ಮುಂದೆ ಹೋಯಿತು. ನೋವು ತಕ್ಷಣ ತಿಳಿಯಲಿಲ್ಲ. ಯಾರೋ ಬೆತ್ತದಲ್ಲಿ ಹೊಡೆದ ಹಾಗಾಯಿತು, ಅಷ್ಟೇ. ಬ್ಲೇಡು ಪೂರ್ತಿ ವೇಗಕ್ಕೆ ಬಂದಿರಲಿಲ್ಲ, ಅದರಿಂದ ಬೆರಳುಗಳು ಕೈಯಲ್ಲೇ ಉಳಿದವು. ತಮ್ಮ ರಿಮೋಟನ್ನು ನೆಲಕ್ಕೆ ಹಾಕಿ ಒಳಗೆ ಓಡಿದ. ಸೇವಂತಿಗೆ ಎಸಳು ಸುತ್ತಲೂ ಚೆಲ್ಲಿತ್ತು.

ಹಾಸನದ ಆಸ್ಪತ್ರೆಯಲ್ಲಿ ಹೊಲಿದರು. ತೋರುಬೆರಳು, ನಡುಬೆರಳು ಇನ್ನು ಮಡಚುವುದಿಲ್ಲ ಎಂದರು. ಅವ್ವ ನೋಡಲು ಬಂದಳು. ಅವಳ ಮೈಮೇಲೆ ಒಂದು ಗೀರೂ ಇರಲಿಲ್ಲ. ಸ್ಟೂಲಿನ ಮೇಲೆ ಕೂತು, ಸೆರಗಿನಿಂದ ಕಣ್ಣೊರೆಸಿಕೊಂಡು, "ಪೂಜೆ ಒತ್ನಲ್ಲಿ ರಗುತ ಬೀಳಿಸ್ಬುಟ್ಟಲ್ಲವ್ವ. ಅವನ್ ಅಂಗಡಿಗೆ ವರ್ಸವೆಲ್ಲ ಏನ್ ಕಾದದೋ" ಎಂದಳು. ನಾನು ಗೋಡೆಯ ಕಡೆ ತಿರುಗಿ ಮಲಗಿದೆ. ಆ ಗಳಿಗೆಯಲ್ಲಿ ಅವಳ ಕೈಯನ್ನು ಬ್ಲೇಡಿಗೇ ಬಿಡಬೇಕಾಗಿತ್ತು ಅನ್ನಿಸಿತು. ಈಗಲೂ ಒಮ್ಮೊಮ್ಮೆ ಅನ್ನಿಸುತ್ತದೆ.

ತಮ್ಮ ಆಸ್ಪತ್ರೆಗೆ ಬರಲಿಲ್ಲ. ಅಂಗಡಿಗೆ ಬಂದವರಿಗೆಲ್ಲ, "ನಾನು ಆಫ್ ಮಾಡಕ್ಕೇ ಓಯ್ತಿದ್ದೆ ಸಾ, ನಮ್ಮಕ್ಕನೇ ಕೈ ಮಡಗ್ಬುಟ್ಳು" ಎಂದು ಹೇಳುತ್ತಿದ್ದಾನೆಂದು ಕೇಳಿದೆ.

ಮೇಷ್ಟ್ರು ಬಂದರು. ಹಣ್ಣು ತರಲಿಲ್ಲ. ಬ್ಯಾಂಡೇಜನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಹೆಬ್ಬೆಟ್ಟು?" ಎಂದು ಕೇಳಿದರು.

"ಇದೆ ಸಾರ್."

"ಮತ್ತೆ ಅಳೋದು ಯಾತಕ್ಕೆ? ಹೊಲಿಗೆ ಬಿಚ್ಚಿದ ಮೇಲೆ ಬನ್ನಿ." ಬಾಗಿಲ ಹತ್ತಿರ ನಿಂತು ಇನ್ನೊಂದು ಮಾತು ಸೇರಿಸಿದರು. "ಬ್ಯಾಟರಿ ಪೆಟ್ಟಿಗೆಗೆ ಬೀಗ ಹಾಕಬೇಕು ಅಂತ ನಾನು ಹೇಳಿಕೊಟ್ಟಿರಲಿಲ್ಲ. ಮನೆಯವರ ವಿಷಯ ನನಗೆ ಹೊಳೆಯಲಿಲ್ಲ."

ಕ್ಲಿನಿಕ್ಕನ್ನು ಮತ್ತೆ ತೆರೆದು ನೋಡಿದೆ. ಒಬ್ಬ ಮುದುಕಿಯ ಬಾಯಲ್ಲಿ ಇಕ್ಕಳ ಜಾರಿತು. ಅವಳಿಗೆ ಏನೂ ಆಗಲಿಲ್ಲ, ಆದರೆ ಅವತ್ತೇ ಬಾಗಿಲು ಹಾಕಿದೆ. ಈಗ ಬೇರೊಬ್ಬರ ಕ್ಲಿನಿಕ್ಕಿನಲ್ಲಿ ಕೂತು ಎಕ್ಸ್‌ರೇ ನೋಡಿ ಹೇಳುತ್ತೇನೆ, ಕೀಳುವುದು ಇನ್ನೊಬ್ಬರು. ಭಾನುವಾರ ಮಾತ್ರ ಕೊರವಂಗಲದ ಬೀಳಿಗೆ ಹೋಗಿ, ತಮ್ಮ ವಾಪಸ್ಸು ಕಳಿಸಿದ ಹೆಲಿಕಾಪ್ಟರನ್ನು ಹಾರಿಸುತ್ತೇನೆ. ಮೇಷ್ಟ್ರ ಮಾತು ನಿಜ, ಎರಡು ಹೆಬ್ಬೆಟ್ಟು ಸಾಕು.

ಮುಂದಿನ ಆಯುಧಪೂಜೆಗೆ ತಮ್ಮ ತಾನಾಗಿಯೇ ಫೋನ್ ಮಾಡಿದ. "ಈ ಸಲ ನೀನೇ ಸ್ಟಾರ್ಟ್ ಮಾಡಕ್ಕ. ಅವ್ವನೂ ಅಂಗೇ ಅಂತದೆ." ಆಗಲಿ, ಆದರೆ ನೀವೇ ಬೀಳಿಗೆ ಬರಬೇಕು ಎಂದೆ. ಬಂದರು. ಅವ್ವ ಆರತಿ ತಟ್ಟೆ ಹಿಡಿದು ಬಿಸಿಲಲ್ಲಿ ಗೊಣಗುತ್ತ ಬಂದಳು. ಬರುವಾಗ ಅಂಗಡಿಯ ಬಾಗಿಲಿನ ಒಂದು ಬಾಳೆಕಂದು ಬಿಚ್ಚಿಕೊಂಡು ಬಾ ಎಂದು ತಮ್ಮನಿಗೆ ಹೇಳಿದ್ದೆ. ಯಾಕೆಂದು ಅವನು ಕೇಳಲಿಲ್ಲ, ಹಬ್ಬಕ್ಕೆ ಬೇಕಾಗುತ್ತದೆ ಅಂದುಕೊಂಡ.

ಮೇಷ್ಟ್ರ ಹಲಗೆಯನ್ನು ಮೊದಲೇ ತರಿಸಿ, ಹಳೆಯ ಬ್ಲೇಡು ಹಾಕಿ, ಹೆಲಿಕಾಪ್ಟರನ್ನು ಬೋಲ್ಟಿನಿಂದ ಬಿಗಿದಿದ್ದೆ. ಅವ್ವನನ್ನು ಸುಣ್ಣದ ಗೆರೆಯ ಹಿಂದೆ ದೂರ ನಿಲ್ಲಿಸಿದೆ. ಅಲ್ಲಿಂದಲೇ ಆರತಿ ಎತ್ತಿಸಿದೆ. ಬಾಳೆಕಂದನ್ನು ಗಳದ ತುದಿಗೆ ಕಟ್ಟಿ ಇನ್ನೊಂದು ತುದಿಯನ್ನು ಗೆರೆಯ ಈಚೆಗೇ ನಿಂತಿದ್ದ ತಮ್ಮನ ಕೈಗೆ ಕೊಟ್ಟೆ. ಅವ್ವನಿಗೆ ತೋರಿಸಬೇಕಾಗಿತ್ತು. ತನ್ನ ಮೊಣಕೈ ಹೋಗಬೇಕಾಗಿದ್ದ ಕಡೆ ನನ್ನ ಬೆರಳು ಹೋದವು ಎಂದು ಅವಳು ಒಂದು ಸಲ ಕಣ್ಣಾರೆ ನೋಡಬೇಕಾಗಿತ್ತು. ನೋಡಿದರೆ ಸಾಕು, ಬಾಯಿ ಬಿಟ್ಟು ಏನೂ ಹೇಳುವುದು ಬೇಡ ಅಂದುಕೊಂಡಿದ್ದೆ.

ಬ್ಲೇಡು ಪೂರ್ತಿ ವೇಗಕ್ಕೆ ಬಂದಾಗ, "ತಳ್ಳು" ಎಂದೆ. ಅವನು ತಳ್ಳಿದ. ಬಾಳೆಕಂದು ಎರಡಾಗಿ, ಮೇಲಿನ ತುಂಡು ಹುಲ್ಲಿನ ಮೇಲೆ ದೂರ ಹೋಗಿ ಬಿತ್ತು. ಗಳ ಅವನ ಕೈಯಿಂದ ಕಿತ್ತುಕೊಂಡು ಹಾರಿತು. ಅವನ ಮುಖದಲ್ಲಿ ರಕ್ತವೇ ಇರಲಿಲ್ಲ. ನಾನು ಹೋಲ್ಡ್ ಸ್ವಿಚ್ ಒತ್ತಿ, ಅವ್ವನ ಕಡೆ ತಿರುಗಿದೆ.

ಅವ್ವ ತಟ್ಟೆಯನ್ನು ನೆಲದ ಮೇಲಿಟ್ಟು, ಬಾಯಿಗೆ ಸೆರಗು ಒತ್ತಿಕೊಂಡು ಬಾಳೆಯ ತುಂಡನ್ನೇ ನೋಡುತ್ತಿದ್ದಳು. ಅವಳಿಗೆ ಅರ್ಥವಾಗಿತ್ತು, ಅದು ನನಗೆ ಚೆನ್ನಾಗಿ ಕಂಡಿತು. ಎದ್ದುಬಿದ್ದು ನನ್ನ ಪಕ್ಕದಲ್ಲೇ ಹಾದು ತಮ್ಮನ ಹತ್ತಿರ ಹೋದಳು. ಅವನ ಎರಡೂ ಕೈಗಳನ್ನು ಹಿಡಿದು, ಬೆರಳುಗಳನ್ನು ಒಂದೊಂದಾಗಿ ಸವರಿದಳು.

"ಸದ್ಯ ಕಣ್ಲಾ ಮಗ" ಎಂದಳು. "ಅವತ್ತು ನಿನ್ ಕೈಗೆ ತಾಕ್ಲಿಲ್ಲ."

ಬ್ಲೇಡು ಇನ್ನೂ ಮೆಲ್ಲಗೆ ಸುತ್ತುತ್ತಿತ್ತು. ಪೂರ್ತಿ ನಿಲ್ಲುವ ತನಕ ಗೆರೆಯ ಹಿಂದೆಯೇ ಕಾದೆ. ಆಮೇಲೆ ಹೋಗಿ ಮೊದಲು ಬ್ಯಾಟರಿ ಬಿಚ್ಚಿದೆ, ಕೊನೆಗೆ ರಿಮೋಟ್ ಆಫ್ ಮಾಡಿದೆ.