ಗುಟ್ಟಿನ ದೂರಿಗೊಂದು ಶಾಲು

ಹೊರನಾಡಿನ ನಮ್ಮ ಕನ್ನಡ ಸಂಘದವರಿಗೆ ಶಾಲು ಹೊದಿಸುವ ಚಟ. ಯಾರಾದರೂ ಹೋಟೆಲು ತೆರೆದರೆ ಶಾಲು, ಯಾರದೋ ಮಗ ಸಿ.ಎ. ಪಾಸಾದರೆ ಶಾಲು, ನಿವೃತ್ತನಾಗಿ ಮನೆಯಲ್ಲಿ ಸುಮ್ಮನೆ ಕೂತವನಿಗೂ ಶಾಲು. ಯಾರೂ ಸಿಗದಿದ್ದರೆ ಪದಾಧಿಕಾರಿಗಳು ಒಬ್ಬರಿಗೊಬ್ಬರು ಹೊದಿಸಿ ಚಪ್ಪಾಳೆ ತಟ್ಟಿಸಿಕೊಳ್ಳುತ್ತಾರೆ. ಇದನ್ನು ನೋಡಿ ನಾನು ಎಷ್ಟೋ ವರ್ಷ ನಕ್ಕಿದ್ದೇನೆ. ಆಮೇಲೆ ನನ್ನ ಹೆಗಲಿಗೂ ಒಂದು ಬಿತ್ತು.

ಆಗ ನಾವು ಕಾಮೋಠೆಯಲ್ಲಿದ್ದೆವು. ಹತ್ತಿರದ ಗುಡ್ಡದಲ್ಲೊಂದು ಕಲ್ಲಿನ ಕ್ವಾರಿ. ಪರವಾನಗಿ ಮುಗಿದು ಬಹಳ ಕಾಲವಾಗಿದ್ದರೂ ಸಿಡಿಮದ್ದು ನಿಂತಿರಲಿಲ್ಲ. ಅಡುಗೆಮನೆಯ ಗೋಡೆ ಬಿರುಕು ಬಿಟ್ಟಾಗ ಸಹಿಸಿಕೊಂಡೆ. ಒಂದು ದಿನ ಮುಷ್ಟಿಗಾತ್ರದ ಕಲ್ಲು ಹಾರಿಬಂದು, ಕ್ಲಾಸಿಗೆ ಹೊರಟಿದ್ದ ನನ್ನ ಮಗಳ ಎದುರಿಗೇ ಬಿತ್ತು. ಅಂದೇ ದೂರು ಕೊಡಬೇಕೆಂದು ನಿರ್ಧರಿಸಿದೆ.

ಹಿಂದೆ ದೂರು ಕೊಟ್ಟಿದ್ದ ಪಕ್ಕದ ಬಿಲ್ಡಿಂಗಿನವರೊಬ್ಬರ ಕಾಲು ಮುರಿದಿತ್ತು. ಸ್ಕೂಟರಿನಿಂದ ಬಿದ್ದರೆಂದು ಪೊಲೀಸರು ಬರೆದುಕೊಂಡಿದ್ದರು. ಸ್ಕೂಟರಿಗೆ ಮಾತ್ರ ಒಂದು ಗೀರೂ ಆಗಿರಲಿಲ್ಲ. ಹಾಗಾಗಿ ನಾನು ಬಹಳ ಎಚ್ಚರ ವಹಿಸಿದೆ. ಫೋಟೋಗಳನ್ನು ಬಸ್ಸಿನ ಕಿಟಕಿಯಿಂದ ತೆಗೆದೆ. ಹೆಸರು ಹಾಕದ ದೂರನ್ನು ಕಾಮೋಠೆಯಿಂದಲ್ಲ, ವಾಗ್ಳೆ ಎಸ್ಟೇಟ್ ಎಂಬ ಕೈಗಾರಿಕಾ ಪ್ರದೇಶದ ನನ್ನ ಆಫೀಸಿನ ಹತ್ತಿರದಿಂದ ಅಂಚೆಗೆ ಹಾಕಿದೆ. ಹೆಂಡತಿಗೂ ಮಗಳಿಗೂ ಬಾಯಿ ಬಿಡಬೇಡಿ ಎಂದು ತಾಕೀತು ಮಾಡಿದೆ. ದೂರನ್ನು ಮರಾಠಿಯಲ್ಲಿ ಬರೆಯಬೇಕಿದ್ದದ್ದೊಂದೇ ತೊಡಕು. ನನ್ನದು ತರಕಾರಿ ಚೌಕಾಶಿಗೆ ಸಾಕಾಗುವ ಮರಾಠಿ. ಸಂಘದ ಕಾರ್ಯದರ್ಶಿ, ನನ್ನ ಹಳೆಯ ಗೆಳೆಯ, ಅದನ್ನು ಚೆನ್ನಾಗಿ ಬಲ್ಲವನು. ಅವನೇ ಬರೆದುಕೊಟ್ಟ.

"ತಲೆ ಹೋದ್ರೂ ಬಾಯಿ ಬಿಡ್ಲಿಕ್ಕಿಲ್ಲ ಮಾರಾಯ," ಎಂದ.

ಯಾವ ದೇವರ ದಯೆಯೋ, ಅಧಿಕಾರಿಗಳು ಬಂದು ಯಂತ್ರಗಳಿಗೆ ಸೀಲು ಹಾಕಿದರು. ಕ್ವಾರಿಯವರು ದೂರು ಕೊಟ್ಟವನನ್ನು ಎಲ್ಲ ಕಡೆ ಹುಡುಕಿದರು. ಯಾರಿಗೂ ಸುಳಿವು ಸಿಗಲಿಲ್ಲ. ಮಗಳು ನಿಶ್ಚಿಂತೆಯಿಂದ ಕ್ಲಾಸಿಗೆ ಹೋಗಿ ಬರುತ್ತಿದ್ದಳು.

ಅಷ್ಟರಲ್ಲಿ ಸಂಘದ ವಾರ್ಷಿಕೋತ್ಸವ ಬಂತು. ಘೋಡಬಂದರ್ ರಸ್ತೆಯ ಸಭಾಂಗಣದಲ್ಲಿ. ಊಟ ಯಾರೋ ಒಬ್ಬ ದಾನಿಯದು. ಮಕ್ಕಳ ಕುಣಿತ ಮುಗಿದದ್ದೇ ಕಾರ್ಯದರ್ಶಿ ಮೈಕು ಹಿಡಿದ. ನಮ್ಮ ನಡುವೆ ಒಬ್ಬರು ಧೀರರಿದ್ದಾರೆ, ಅಕ್ರಮ ಕ್ವಾರಿ ಮುಚ್ಚಿಸಿದವರು, ಆದರೆ ಪ್ರಚಾರ ಬಯಸುವವರಲ್ಲ ಎಂದ. ಪ್ರಚಾರ ಬಯಸದವನ ಹೆಸರು, ಊರು, ಕಾಮೋಠೆಯ ಬಿಲ್ಡಿಂಗು ಎಲ್ಲವನ್ನೂ ಸಾರಿ, ಶಾಲು ಹೊದಿಸಲು ಆ ದಾನಿಯನ್ನು ವೇದಿಕೆಗೆ ಕರೆದ.

ಆ ಮುಖವನ್ನು ನಾನು ಕ್ವಾರಿಯ ರಸ್ತೆಯಲ್ಲಿ, ಜೀಪಿನ ಮುಂದಿನ ಸೀಟಿನಲ್ಲಿ ನೋಡಿದ್ದೆ. ಅವರು ಅಕ್ಕರೆಯಿಂದ ಶಾಲಿನ ಮಡಿಕೆ ಸರಿಪಡಿಸುತ್ತ ಕಿವಿಯ ಹತ್ತಿರ ಬಾಗಿದರು.

"ನೀವಾ? ಎಲ್ಲೆಲ್ಲಾ ಹುಡುಕಿದ್ವಿ ಗೊತ್ತುಂಟಾ? ನಮ್ಮೂರಿನವರೇ ಅಲ್ವಾ, ನನ್ನತ್ರ ಮೊದಲೇ ಹೇಳ್ಬಾರ್ದಿತ್ತಾ? ಮಗಳು ಬರ್ಲಿಲ್ವಾ?"

ಮಗಳು ಕೆಳಗೆ ನಿಂತು ಮೊಬೈಲಿನಲ್ಲಿ ನಮ್ಮ ಫೋಟೋ ತೆಗೆಯುತ್ತಿದ್ದಳು. ಬಂದಿಲ್ಲ ಎಂದೆ. ಅವರು ಕ್ಯಾಮೆರಾ ಕಡೆ ತಿರುಗಿ ನಕ್ಕರು.

ಊಟದ ಸಾಲಿನಲ್ಲಿ ಕಾರ್ಯದರ್ಶಿಯನ್ನು ಹಿಡಿದೆ. ಹೋಳಿಗೆಗೆ ತುಪ್ಪ ಸುರಿದುಕೊಳ್ಳುತ್ತಿದ್ದ.

"ಗುಟ್ಟು ಅಂದಿದ್ದೆನಲ್ಲೋ! ಆ ಕ್ವಾರಿ ಅವರದ್ದೇ!"

"ಅವರದ್ದು ಹೋಟೆಲ್ ಅಂತ ಮಾತ್ರ ನಂಗೆ ಗೊತ್ತಿದ್ದದ್ದು. ಕ್ವಾರಿ ಉಂಟು ಅಂತ ಕನಸು ಬೀಳ್ತದಾ? ಮತ್ತೆ, ಇಲ್ಲಿ ಹೊರಗಿನವರು ಯಾರಿದ್ದಾರೆ ಮಾರಾಯ? ಎಲ್ಲ ನಮ್ಮವರೇ."

ನನಗೆ ಹೇಸಿಗೆಯಾಯಿತು. ಇವನ ತಲೆ ಹೋಗಿರಲಿಲ್ಲ. ಹೋಗಲು ಒಳಗೆ ಏನಾದರೂ ಇದ್ದರಲ್ಲವೇ.

ಮರುವಾರದಿಂದ ಮಗಳು ಕ್ಲಾಸಿಗೆ ಹೊರಟರೆ ಜೀಪೊಂದು ಅವಳ ಹಿಂದೆ ನಿಧಾನವಾಗಿ ಬರತೊಡಗಿತು. ಯಾರೂ ಮುಟ್ಟಲಿಲ್ಲ, ಮಾತಾಡಲಿಲ್ಲ, ಬರುತ್ತಿದ್ದರು ಅಷ್ಟೇ. ನಾವು ಕಾಮೋಠೆ ಬಿಟ್ಟು, ಯಾರಿಗೂ ಹೇಳದೆ, ಡೊಂಬಿವಲಿಯಲ್ಲಿ ಬಾಡಿಗೆಗೆ ಹೋದೆವು. ಕ್ವಾರಿ ಮತ್ತೆ ಶುರುವಾಯಿತಂತೆ. ಶಾಲನ್ನು ಹೆಂಡತಿ ಹೊಸ್ತಿಲಿನ ಕಾಲೊರಸಾಗಿ ಹಾಕಿದಳು, ಅದರಿಂದ ಆದ ಉಪಯೋಗ ಅದೊಂದೇ.

ಒಂದು ಸಂಜೆ ನನ್ನ ಫೋನು ರಿಂಗಾಯಿತು. ಮಗಳು ಎತ್ತಿ ಸ್ಪೀಕರಿಗೆ ಹಾಕಿದಳು. ಕಾರ್ಯದರ್ಶಿಯ ದನಿ.

"ಪುಟ್ಟಿ, ಕಾಮೋಠೆಯ ಮನೆ ಖಾಲಿ ಉಂಟಲ್ಲ, ಹೊಸ ಮನೆಯ ಅಡ್ರೆಸ್ ಹೇಳು. ಸ್ಮರಣ ಸಂಚಿಕೆಯಲ್ಲಿ ಅಪ್ಪನ ಫೋಟೋದ ಕೆಳಗೆ ಹಾಕ್ಲಿಕ್ಕುಂಟು."

ಅವಳು ನನ್ನ ಮುಖ ನೋಡಿದಳು.

"ರಾಂಗ್ ನಂಬರ್ ಹೈ, ಅಂಕಲ್," ಎಂದು ಫೋನಿಟ್ಟಳು. ಆಮೇಲೆ ಎದ್ದುಹೋಗಿ ಬಾಗಿಲಿಗೆ ಚಿಲಕ ಹಾಕಿದೆಯೇ ಎಂದು ನೋಡಿ ಬಂದಳು.